ಪಥ್ಯದ ಎರಡು ಮುಖಗಳು: ಡಯಾಲಿಸಿಸ್ ರೋಗಿಗಳ ಅಪೌಷ್ಟಿಕತೆ – ಒಂದು ಜಾನಪದೀಯ ಪರಿಶೀಲನೆ

ರೋಗ ಬಂದಾಗ ಏನನ್ನು ಉಣ್ಣಬೇಕು, ಏನನ್ನು ಬಿಡಬೇಕು ಎಂಬ ತಿಳಿವಳಿಕೆಯು ಜನಪದ ವೈದ್ಯದ ಅವಿಭಾಜ್ಯ ಅಂಗ. ಮದ್ದು ಕೊಡುವವನು ವೈದ್ಯನಾದರೂ ಪಥ್ಯವನ್ನು ನಡೆಸುವವಳು ಮನೆಯ ಹೆಣ್ಣುಮಗಳು. ಹೀಗಾಗಿ ನಮ್ಮ ಸಮಾಜದಲ್ಲಿ ಚಿಕಿತ್ಸೆಯ ಅರ್ಧಭಾಗ ಯಾವಾಗಲೂ ಅಡುಗೆಮನೆಯಲ್ಲಿಯೇ ನಡೆದಿದೆ. ಕನ್ನಡದ ಗ್ರಂಥ ಪರಂಪರೆಯೂ ಇದಕ್ಕೆ ಸಾಕ್ಷಿಯಾಗಿದೆ. ಕ್ರಿ.ಶ. 1025ರ ಸುಮಾರಿಗೆ ರಚಿತವಾದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಸೂಪಶಾಸ್ತ್ರವೂ ವೈದ್ಯವೂ ಒಂದೇ ಕೃತಿಯ ಭಾಗಗಳಾಗಿ ಬಂದಿರುವುದು ಆಕಸ್ಮಿಕವಲ್ಲ.

ಈ ತಿಳಿವಳಿಕೆಯು ಇಂದು ಒಂದು ಹೊಸ ರೋಗಸ್ಥಿತಿಯನ್ನು ಎದುರಿಸುತ್ತಿದೆ. ಮೂತ್ರಪಿಂಡಗಳು ಸಂಪೂರ್ಣವಾಗಿ ವಿಫಲಗೊಂಡು ಡಯಾಲಿಸಿಸ್ ಯಂತ್ರವನ್ನು ಅವಲಂಬಿಸಿ ಬದುಕುವವರ ಸ್ಥಿತಿ ಅದು. ಅಭಿವೃದ್ಧಿಶೀಲ ದೇಶಗಳಲ್ಲಿ ಇಂತಹ ರೋಗಿಗಳನ್ನು ಬಹುವಾಗಿ ಕಾಡುವ ಸಂಗತಿಗಳಲ್ಲಿ ಅಪೌಷ್ಟಿಕತೆ ಮುಖ್ಯವಾದುದು. ಇದನ್ನು ಬಡತನದ ಫಲವೆಂದೋ ರೋಗದ ಸಹಜ ಪರಿಣಾಮವೆಂದೋ ವಿವರಿಸುವುದು ರೂಢಿ. ಆ ಎರಡೂ ಕಾರಣಗಳು ನಿಜವೇ ಆಗಿವೆ. ಆದರೆ ಇವೆರಡರ ನಡುವೆ ಮೂರನೆಯ ಕಾರಣವೊಂದಿದೆ. ಅದು ಪಥ್ಯದ ಪರಿಕಲ್ಪನೆಗೆ ಸಂಬಂಧಿಸಿದ್ದು. ಕರ್ನಾಟಕದ ಆಹಾರ ಪದ್ಧತಿಯನ್ನು ಆಧಾರವಾಗಿಟ್ಟುಕೊಂಡು ಈ ಮೂರನೆಯ ಕಾರಣವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸಮಸ್ಯೆಯ ಸ್ವರೂಪ

ಡಯಾಲಿಸಿಸ್‌ನ ಇತಿಹಾಸ ದೀರ್ಘವಾದುದಲ್ಲ. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ನೆದರ್ಲೆಂಡ್ಸ್‌ನ ಕಾಂಪೆನ್ ಪಟ್ಟಣದಲ್ಲಿ ವಿಲೆಮ್ ಕೋಲ್ಫ್ ಎಂಬ ವೈದ್ಯರು ಕೃತಕ ಮೂತ್ರಪಿಂಡವನ್ನು ಮೊದಲಿಗೆ ರೋಗಿಗಳ ಮೇಲೆ ಬಳಸಿದರು. ಆದರೆ ಒಬ್ಬ ರೋಗಿಗೆ ವರ್ಷಗಟ್ಟಲೆ ಮತ್ತೆ ಮತ್ತೆ ಡಯಾಲಿಸಿಸ್ ನೀಡುವುದು ಸಾಧ್ಯವಾದದ್ದು 1960ರಲ್ಲಿ. ಆ ವರ್ಷ ಅಮೆರಿಕದ ಸಿಯಾಟಲ್‌ನಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಅವರು ರಕ್ತನಾಳಗಳಿಗೆ ಶಾಶ್ವತವಾಗಿ ಜೋಡಿಸಿಡಬಹುದಾದ ಕೊಳವೆಯನ್ನು ರೂಪಿಸಿದರು. ಎಂದರೆ, ಮೂತ್ರಪಿಂಡಗಳಿಲ್ಲದೆಯೂ ವರ್ಷಾನುಗಟ್ಟಲೆ ಬದುಕುವ ಮನುಷ್ಯಸ್ಥಿತಿಗೆ ಕೇವಲ ಆರು ದಶಕಗಳ ವಯಸ್ಸು. ಅದಕ್ಕೆ ಮುಂಚೆ ಇಂತಹ ರೋಗಿಯೇ ಇರಲಿಲ್ಲವಾದ್ದರಿಂದ ಯಾವ ಜನಪದ ಪರಂಪರೆಯಲ್ಲಿಯೂ ಅವನಿಗೆಂದು ರೂಪುಗೊಂಡ ಪಥ್ಯವಿಲ್ಲ. ಇದು ಮುಂದಿನ ಚರ್ಚೆಗೆ ತಳಹದಿಯಾದ ಅಂಶ.

ಇಂದಿಗೂ ಈ ಚಿಕಿತ್ಸೆ ಎಲ್ಲರಿಗೂ ದಕ್ಕಿಲ್ಲ. ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ 2015ರಲ್ಲಿ ಪ್ರಕಟಿಸಿದ ಜಾಗತಿಕ ಅಂದಾಜಿನ ಪ್ರಕಾರ 2010ರಲ್ಲಿ ಸುಮಾರು 26 ಲಕ್ಷ ಜನರು ಡಯಾಲಿಸಿಸ್ ಅಥವಾ ಮೂತ್ರಪಿಂಡ ಕಸಿಯ ಮೂಲಕ ಬದುಕಿದ್ದರು. ಚಿಕಿತ್ಸೆ ಸಿಗದೆ ಅಕಾಲ ಮರಣಕ್ಕೆ ತುತ್ತಾದವರು ಕನಿಷ್ಠ 22 ಲಕ್ಷ ಮಂದಿ ಇರಬಹುದೆಂದೂ, ಅವರಲ್ಲಿ ಹೆಚ್ಚಿನವರು ಏಷ್ಯ ಮತ್ತು ಆಫ್ರಿಕ ಖಂಡಗಳ ಬಡ ಮತ್ತು ಮಧ್ಯಮ ಆದಾಯದ ದೇಶಗಳವರೆಂದೂ ಅದು ತಿಳಿಸಿತು. ಭಾರತದಲ್ಲಿ ಪ್ರತಿವರ್ಷ ಸುಮಾರು 2.2 ಲಕ್ಷ ಜನರು ಮೂತ್ರಪಿಂಡ ವೈಫಲ್ಯದ ಕೊನೆಯ ಹಂತವನ್ನು ತಲುಪುತ್ತಾರೆಂಬ ಅಂದಾಜಿನ ಮೇಲೆ ಕೇಂದ್ರ ಸರ್ಕಾರವು 2016–17ರ ಆಯವ್ಯಯದಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವನ್ನು ಘೋಷಿಸಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತವಾಗಿ ಡಯಾಲಿಸಿಸ್ ನೀಡುವುದು ಇದರ ಆಶಯ. ಇದರಿಂದ ಯಂತ್ರದ ಖರ್ಚು ತಗ್ಗಿತು. ಆದರೆ ಬಸ್ಸಿನ ಖರ್ಚು, ರೋಗಿ ಮತ್ತು ಜೊತೆಗಾರನ ಕೂಲಿಯ ನಷ್ಟ, ತಟ್ಟೆಯ ಮೇಲಿನ ಊಟ ಇವು ಮನೆಯ ಪಾಲಿಗೇ ಉಳಿದವು.

ಈ ರೋಗಿಗಳ ಕೃಶತೆಯನ್ನು ಹೆಸರಿಸುವ ಬಗೆಯಲ್ಲಿ ವೈದ್ಯಲೋಕದಲ್ಲಿಯೇ ಗೊಂದಲವಿತ್ತು. 2008ರಲ್ಲಿ ಮೂತ್ರಪಿಂಡ ರೋಗಿಗಳ ಪೋಷಣೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಸಂಸ್ಥೆಯ ತಜ್ಞಸಮಿತಿಯು ಇದನ್ನು ‘ಪ್ರೋಟೀನು–ಶಕ್ತಿ ಕ್ಷಯ’ ಎಂಬ ಅರ್ಥದ ಪದದಿಂದ ಕರೆಯಲು ಸೂಚಿಸಿತು. ಊಟ ಕಡಿಮೆಯಾದುದರಿಂದ ಮಾತ್ರವಲ್ಲದೆ, ದೇಹದೊಳಗಿನ ಉರಿಯೂತ, ರಕ್ತದ ಆಮ್ಲೀಯತೆ, ಹಸಿವನ್ನು ಕುಂದಿಸುವ ಕಲ್ಮಶಗಳು, ಯಂತ್ರದ ಮೂಲಕ ಆಗುವ ನಷ್ಟ ಇವೆಲ್ಲವುಗಳಿಂದ ದೇಹದ ಮಾಂಸವೇ ಸವೆಯುತ್ತದೆ ಎಂಬುದನ್ನು ‘ಕ್ಷಯ’ ಎಂಬ ಪದ ಸೂಚಿಸುತ್ತದೆ. ಇದರ ಗಂಭೀರತೆ ಮೊದಲೇ ತಿಳಿದಿತ್ತು. 1990ರಲ್ಲಿ ಅಮೆರಿಕದ 12,000ಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಲೌರಿ ಮತ್ತು ಲ್ಯೂ ಎಂಬ ಸಂಶೋಧಕರು, ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಮಟ್ಟ ಇಳಿದಂತೆ ಸಾವಿನ ಸಂಭವ ತೀವ್ರವಾಗಿ ಏರುವುದನ್ನು ತೋರಿಸಿದ್ದರು. ಸಾಮಾನ್ಯ ಜನರಲ್ಲಿ ಸ್ಥೂಲಕಾಯ ಅಪಾಯಕಾರಿಯಾದರೆ ಡಯಾಲಿಸಿಸ್ ರೋಗಿಗಳಲ್ಲಿ ತುಸು ಮೈಕಟ್ಟು ಉಳ್ಳವರೇ ಹೆಚ್ಚು ಕಾಲ ಬಾಳುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ.

2. ಪಥ್ಯ: ಲಂಘನ ಮತ್ತು ಬೃಂಹಣ

‘ಪಥ್ಯ’ ಎಂಬ ಪದದ ಮೂಲ ‘ಪಥ’. ದಾರಿಗೆ ಹಿತವಾದದ್ದು, ದಾರಿ ತಪ್ಪದಿರುವುದು ಎಂಬುದು ಅದರ ಆಶಯ. ಆಯುರ್ವೇದವು ಚಿಕಿತ್ಸೆಯನ್ನು ಲಂಘನ ಮತ್ತು ಬೃಂಹಣ ಎಂಬ ಜೋಡಿಯಾಗಿ ಗ್ರಹಿಸುತ್ತದೆ. ‘ಚರಕಸಂಹಿತೆ’ಯ ಸೂತ್ರಸ್ಥಾನದ ಒಂದು ಅಧ್ಯಾಯಕ್ಕೆ ಈ ಜೋಡಿಯ ಹೆಸರೇ ಇದೆ. ಲಂಘನವು ದೇಹವನ್ನು ಹಗುರಗೊಳಿಸುವ ಕ್ರಮ. ಬೃಂಹಣವು ದೇಹವನ್ನು ತುಂಬುವ ಕ್ರಮ. ಜನಪದ ಆಚರಣೆಯಲ್ಲಿಯೂ ಈ ಎರಡು ಮುಖಗಳಿವೆ.

ಜ್ವರ, ಭೇದಿ, ಅಜೀರ್ಣ, ಕಾಮಾಲೆಗಳಲ್ಲಿ ನಡೆಯುವ ಪಥ್ಯ ಕಳೆಯುವ ಪಥ್ಯ. ಗಂಜಿ, ತಿಳಿಸಾರು, ಉಪ್ಪಿನಕಾಯಿಯ ಚೂರು ಇದರ ಸಾಮಾನ್ಯ ರೂಪ. ‘ಲಂಘನಂ ಪರಮೌಷಧಂ’ ಎಂಬ ಮಾತು ಹಳ್ಳಿಗಳಲ್ಲಿಯೂ ನಾಣ್ಣುಡಿಯಾಗಿ ಚಲಾವಣೆಯಲ್ಲಿದೆ. ‘ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ’ ಎಂಬ ಗಾದೆಯು ಹೆಚ್ಚು ಉಣ್ಣುವುದನ್ನೇ ರೋಗದ ಮೂಲವಾಗಿ ಕಾಣುತ್ತದೆ. ಇದಕ್ಕೆ ಎದುರಾಗಿ ಬಾಣಂತನದ ಪಥ್ಯ ಕೂಡಿಸುವ ಪಥ್ಯ. ಉತ್ತರ ಕರ್ನಾಟಕದ ಅಂಟಿನುಂಡೆ, ಅಳವಿಯ ಪಾಯಸ, ಕರಾವಳಿಯ ಮೆಂತೆಗಂಜಿ, ಬಯಲುಸೀಮೆಯ ತುಪ್ಪ–ಮೆಣಸಿನ ಸಾರು, ನಾಟಿಕೋಳಿ ಸಾರು ಇವೆಲ್ಲ ಕಳೆದುಕೊಂಡ ಸತ್ವವನ್ನು ತುಂಬುವ ಉದ್ದೇಶದವು. ಗರಡಿಮನೆಯ ಪೈಲ್ವಾನರ ‘ಖುರಾಕು’ ಕೂಡ ಇದೇ ಬಗೆಯದು. ಬಾಣಂತಿಯಾಗಲಿ ಪೈಲ್ವಾನನಾಗಲಿ ಏನು ಉಂಡರು, ಎಷ್ಟು ಉಂಡರು ಎಂಬುದನ್ನು ಹಿರಿಯರು ಕಣ್ಣಿಟ್ಟು ನೋಡುತ್ತಾರೆ. ಉಣ್ಣದಿದ್ದರೆ ಅದು ಪಥ್ಯಭಂಗ.

ಎರಡೂ ಬಗೆಯ ಪಥ್ಯಗಳಲ್ಲಿ ಒಂದು ಸಾಮಾನ್ಯ ಲಕ್ಷಣವಿದೆ. ಅವುಗಳಿಗೆ ಕೊನೆಯಿದೆ. ಜ್ವರ ಬಿಟ್ಟ ಮೇಲೆ ತಲೆಗೆ ನೀರು ಹಾಕಿಸಿ, ಅನ್ನ ಉಣಿಸಿ ‘ಪಥ್ಯ ಬಿಡಿಸುವ’ ರೂಢಿಯಿದೆ. ಬಾಣಂತನಕ್ಕೂ ಗೊತ್ತಾದ ಅವಧಿಯಿದೆ. ಕೆಲವು ದಿನಗಳ ಲಂಘನದಿಂದ ಸಾಮಾನ್ಯ ದೇಹಕ್ಕೆ ಆಗುವ ನಷ್ಟವನ್ನು ಆ ಬಳಿಕದ ಊಟ ತುಂಬಿಕೊಡುತ್ತದೆ. ಆದ್ದರಿಂದ ಕಳೆಯುವ ಪಥ್ಯವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ಸರಿಯಲ್ಲ. ಅದು ಅಲ್ಪಾವಧಿಯ ರೋಗಗಳಿಗೆ ರೂಪುಗೊಂಡ, ತನ್ನ ಮಿತಿಯೊಳಗೆ ವಿವೇಕಯುತವಾದ ಕ್ರಮ. ಡಯಾಲಿಸಿಸ್ ರೋಗಿಯ ವಿಷಯದಲ್ಲಿ ಆಗುವ ಅನಾಹುತವೆಂದರೆ, ಕೊನೆಯಿಲ್ಲದ ಸ್ಥಿತಿಯೊಂದಕ್ಕೆ ಕೊನೆಯಿರುವ ಪಥ್ಯವನ್ನು ಅನ್ವಯಿಸುವುದು. ಪಥ್ಯ ಬಿಡಿಸುವ ದಿನ ಅವನಿಗೆ ಬರುವುದೇ ಇಲ್ಲ.

3. ವೈದ್ಯರ ಮಾತಿನಲ್ಲಿಯೇ ಇರುವ ತಿರುವು

ಗೊಂದಲಕ್ಕೆ ಆಸ್ಪತ್ರೆಯ ಸಲಹೆಯ ಪಾಲೂ ಇದೆ. ಮೂತ್ರಪಿಂಡಗಳು ಸೋಲುತ್ತಿದ್ದು ಡಯಾಲಿಸಿಸ್ ಇನ್ನೂ ಆರಂಭವಾಗಿಲ್ಲದ ಹಂತದಲ್ಲಿ ಪ್ರೋಟೀನನ್ನು ತಗ್ಗಿಸಲು ಹೇಳುವುದು ವಾಡಿಕೆ. 2020ರಲ್ಲಿ ಪರಿಷ್ಕೃತವಾದ ಅಮೆರಿಕದ ಮಾರ್ಗಸೂಚಿಯ ಪ್ರಕಾರ, ಮಧುಮೇಹವಿಲ್ಲದ ಇಂತಹ ರೋಗಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.55–0.60 ಗ್ರಾಂ ಪ್ರೋಟೀನು ಸಾಕು. ಡಯಾಲಿಸಿಸ್ ಆರಂಭವಾದೊಡನೆ ಇದೇ ಮಾರ್ಗಸೂಚಿ 1.0–1.2 ಗ್ರಾಂ ಬೇಕೆನ್ನುತ್ತದೆ. ಎಂದರೆ ಅಗತ್ಯವು ಸುಮಾರು ಎರಡು ಪಟ್ಟಾಗುತ್ತದೆ. ಆರೋಗ್ಯವಂತ ವಯಸ್ಕ ಭಾರತೀಯನಿಗೆ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಸೂಚಿಸಿದ ಪ್ರಮಾಣ 0.83 ಗ್ರಾಂ. ಹೀಗೆ ಡಯಾಲಿಸಿಸ್ ರೋಗಿಯು ಆರೋಗ್ಯವಂತನಿಗಿಂತಲೂ ಹೆಚ್ಚು ಪ್ರೋಟೀನು ತಿನ್ನಬೇಕಾದವನು.

ಇದು ಪಥ್ಯದ ಮುಖವೇ ಬದಲಾದಂತೆ. ನಿನ್ನೆಯವರೆಗೆ ಲಂಘನ, ಇಂದಿನಿಂದ ಬೃಂಹಣ. ಆದರೆ ಈ ತಿರುವನ್ನು ಮನೆಯವರಿಗೆ ಮನದಟ್ಟಾಗುವಂತೆ ಹೇಳುವವರು ವಿರಳ. ತರಬೇತಿ ಪಡೆದ ಪೋಷಣಾ ತಜ್ಞರು ದೊಡ್ಡ ನಗರಗಳಲ್ಲಿ ಸಿಗುವಂತೆ ತಾಲ್ಲೂಕು ಕೇಂದ್ರಗಳಲ್ಲಿ ಸಿಗುವುದಿಲ್ಲ. ‘ಡಾಕ್ಟ್ರು ಬೇಳೆ–ಕಾಳು ಬೇಡ ಅಂದಿದ್ರು’ ಎಂಬ ಮೊದಲ ಹಂತದ ಮಾತು ಮನೆಯಲ್ಲಿ ಶಾಶ್ವತ ಕಟ್ಟಳೆಯಾಗಿ ನಿಲ್ಲುತ್ತದೆ. ಮೊದಲು ಕೇಳಿದ ನಿಷೇಧವು ಆಮೇಲೆ ಕೇಳಿದ ಅನುಮತಿಗಿಂತ ಬಲವಾದುದು. ನಿಷೇಧವನ್ನು ಮೀರಿ ಕೆಡುಕಾದರೆ ಅದರ ಹೊಣೆ ಉಣಬಡಿಸಿದವಳ ಮೇಲೆ ಬರುತ್ತದೆ; ಕಡಿಮೆ ಉಣಿಸಿದ್ದಕ್ಕೆ ಅವಳನ್ನು ಯಾರೂ ದೂರುವುದಿಲ್ಲ.

ಈ ಜೊತೆಗೆ ‘ಕ್ರಿಯಾಟಿನಿನ್’ ಎಂಬ ಪದವು ಇಂದು ಹಳ್ಳಿಯ ಮಾತಿನೊಳಗೂ ಇಳಿದಿದೆ. ಈ ಸಂಖ್ಯೆ ಇಳಿದರೆ ರೋಗ ಇಳಿಯಿತೆಂದು ಮನೆಮಂದಿ ಸಮಾಧಾನಪಡುತ್ತಾರೆ. ಡಯಾಲಿಸಿಸ್‌ಗೆ ಮುಂಚಿನ ಹಂತದಲ್ಲಿ ಈ ಎಣಿಕೆಗೆ ಅರ್ಥವಿದೆ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ನಿಯಮಿತವಾಗಿ ಡಯಾಲಿಸಿಸ್ ಪಡೆಯುವವನಲ್ಲಿ ಅದು ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಸ್ನಾಯುಗಳು ಕರಗುತ್ತಿರುವುದರ ಸೂಚನೆಯೂ ಆಗಬಹುದು. ಅಂತೆಯೇ ಯೂರಿಯಾ ಇಳಿಯುವುದು ಊಟ ಇಳಿದಿರುವುದರ ಕುರುಹಾಗಿರಬಹುದು. ಮನೆಯವರು ಸಂತೋಷಪಡುವ ಸಂಖ್ಯೆಯ ಹಿಂದೆ ಹಸಿವು ಅಡಗಿರುತ್ತದೆ.

4. ಎರಡು ಪಟ್ಟಿಗಳ ನಡುವೆ ಬರಿದಾಗುವ ತಟ್ಟೆ

ಜನಪದ ಆಹಾರ ವರ್ಗೀಕರಣವು ಉಷ್ಣ, ಶೀತ, ವಾಯು, ನಂಜು ಎಂಬ ಗುಣಗಳನ್ನು ಆಧರಿಸಿದೆ. ಯಾವ ಪದಾರ್ಥ ಯಾವ ಗುಣದ್ದು ಎಂಬುದು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವುದಾದರೂ ಒಟ್ಟು ನೋಟ ಹೀಗಿದೆ: ಮೊಟ್ಟೆ, ಕೋಳಿ ಉಷ್ಣ, ಮೊಸರು ಶೀತ, ಕಡಲೆ, ಅಲಸಂದೆ, ಅವರೆ ಮುಂತಾದ ಕಾಳುಗಳು ವಾಯು, ಕೆಲವು ಬಗೆಯ ಮೀನು, ಮಾಂಸ, ಬದನೆಕಾಯಿ ನಂಜು. ಗಾಯ ಮಾಯುವ ತನಕ ನಂಜಿನ ಪದಾರ್ಥ ತಿನ್ನಬಾರದೆಂಬುದು ವ್ಯಾಪಕವಾದ ನಂಬಿಕೆ. ಡಯಾಲಿಸಿಸ್‌ಗಾಗಿ ತೋಳಿನಲ್ಲಿ ರಕ್ತನಾಳಗಳನ್ನು ಜೋಡಿಸಿದ ಕಡೆ ವಾರಕ್ಕೆ ಎರಡು ಮೂರು ಸಲ ಸೂಜಿ ಚುಚ್ಚಲಾಗುತ್ತದೆ. ಜನಪದ ದೃಷ್ಟಿಯಲ್ಲಿ ಅದು ಎಂದೂ ಮಾಯದ ಗಾಯ. ಹಾಗಾಗಿ ನಂಜಿನ ನಿಷೇಧಕ್ಕೂ ಕೊನೆಯಿಲ್ಲದಂತಾಗುತ್ತದೆ.

ಈ ಪಟ್ಟಿಯನ್ನು ಗಮನಿಸಿದರೆ, ಪ್ರೋಟೀನು ಹೇರಳವಾಗಿರುವ ಬಹುತೇಕ ಪದಾರ್ಥಗಳು ಒಂದಲ್ಲ ಒಂದು ಗುಣದ ಹೆಸರಿನಲ್ಲಿ ರೋಗಿಗೆ ವರ್ಜ್ಯವಾಗುವುದು ಕಾಣುತ್ತದೆ. ಇದಕ್ಕೆ ಆಸ್ಪತ್ರೆಯ ಪಟ್ಟಿ ಬಂದು ಸೇರುತ್ತದೆ. ಪೊಟ್ಯಾಶಿಯಂ ಏರಿದರೆ ಹೃದಯ ನಿಲ್ಲಬಹುದಾದ್ದರಿಂದ ಎಳನೀರು, ಬಾಳೆಹಣ್ಣು, ಹಣ್ಣಿನ ರಸ, ಸೊಪ್ಪು ನಿಯಂತ್ರಣಕ್ಕೆ ಒಳಗಾಗುತ್ತವೆ. ರಂಜಕಕ್ಕಾಗಿ ಹಾಲು, ಒಣಬೀಜಗಳು; ದೇಹದಲ್ಲಿ ನೀರು ನಿಲ್ಲದಿರಲೆಂದು ಉಪ್ಪು ಮತ್ತು ನೀರು. ಈ ಎರಡನೆಯ ಪಟ್ಟಿ ವೈಜ್ಞಾನಿಕವಾಗಿ ಸಮರ್ಥನೀಯವಾದುದು. ಆದರೆ ಎರಡೂ ಪಟ್ಟಿಗಳು ಒಂದೇ ಅಡುಗೆಮನೆಯಲ್ಲಿ ಒಟ್ಟಿಗೆ ಜಾರಿಗೆ ಬಂದಾಗ ಉಳಿಯುವುದು ಅಕ್ಕಿಯ ಗಂಜಿ, ತಿಳಿಸಾರು, ರವೆಗಂಜಿ, ಬ್ರೆಡ್ಡು, ಬಿಸ್ಕತ್ತು ಮಾತ್ರ. ಇವುಗಳಿಗೆ ಎರಡು ಪಟ್ಟಿಯಲ್ಲಿಯೂ ಆಕ್ಷೇಪವಿಲ್ಲವೆಂಬ ಭಾವನೆಯಿದೆ.

ಒಂದು ಮಾದರಿ ದಿನವನ್ನು ಲೆಕ್ಕ ಹಾಕಿ ನೋಡಬಹುದು. 50 ಕಿಲೋ ತೂಕದ ರೋಗಿಗೆ ದಿನಕ್ಕೆ 50ರಿಂದ 60 ಗ್ರಾಂ ಪ್ರೋಟೀನು ಬೇಕು. 50 ಗ್ರಾಂ ಅಕ್ಕಿಯಿಂದ ಮಾಡಿದ ಒಂದು ಬಟ್ಟಲು ಗಂಜಿಯಲ್ಲಿ ಇರುವುದು ಸುಮಾರು 4 ಗ್ರಾಂ. ಮೂರು ಹೊತ್ತು ಗಂಜಿ ಕುಡಿದರೆ 12 ಗ್ರಾಂ. ಒಂದು ಸಲದ ಡಯಾಲಿಸಿಸ್‌ನಲ್ಲಿ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳು 6ರಿಂದ 12 ಗ್ರಾಂನಷ್ಟು ಯಂತ್ರದ ಮೂಲಕ ಹರಿದುಹೋಗುತ್ತವೆ. ಆ ದಿನ ರೋಗಿ ಉಂಡದ್ದರಲ್ಲಿ ಅರ್ಧದಷ್ಟು, ಕೆಲವೊಮ್ಮೆ ಉಂಡಷ್ಟೂ, ಹೊರಟುಹೋಯಿತೆಂದು ಅರ್ಥ. ಮನೆಯಲ್ಲಿಯೇ ಹೊಟ್ಟೆಯ ಪೊರೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವವರಲ್ಲಿ ಪ್ರತಿದಿನವೂ 5ರಿಂದ 15 ಗ್ರಾಂ ಪ್ರೋಟೀನು ನಷ್ಟವಾಗುತ್ತದೆ. ಗಂಜಿಯಲ್ಲಿ ನೀರಿನ ಪಾಲು ಹೆಚ್ಚಾದ್ದರಿಂದ ಅದು ನೀರಿನ ಮಿತಿಯನ್ನೂ ಮೀರಿಸುತ್ತದೆ. ನಂಜಿಕೊಳ್ಳುವ ಉಪ್ಪಿನಕಾಯಿ ಬಾಯಾರಿಕೆಯನ್ನು ಹೆಚ್ಚಿಸುತ್ತದೆ. ಹೀಗೆ ಜ್ವರದಲ್ಲಿ ಹಿತವಾದ ಗಂಜಿ–ಉಪ್ಪಿನಕಾಯಿಯ ಊಟವು ಡಯಾಲಿಸಿಸ್ ರೋಗಿಗೆ ಪ್ರೋಟೀನು, ನೀರು, ಉಪ್ಪು ಈ ಮೂರು ದೃಷ್ಟಿಯಿಂದಲೂ ಅಪಥ್ಯ.

ಹರಕೆ, ವ್ರತಗಳ ಉಪವಾಸವನ್ನೂ ಇಲ್ಲಿ ಗಮನಿಸಬೇಕು. ರೋಗ ವಾಸಿಯಾಗಲೆಂದು ಸೋಮವಾರ, ಶನಿವಾರ ಒಪ್ಪತ್ತು ಇರುವವರಿದ್ದಾರೆ. ಉಪವಾಸವಿದ್ದಾಗ ದೇಹವು ತನ್ನ ಸ್ನಾಯುವನ್ನೇ ಕರಗಿಸಿಕೊಳ್ಳುತ್ತದೆ. ಡಯಾಲಿಸಿಸ್ ರೋಗಿಯಲ್ಲಿ ದೀರ್ಘ ಉಪವಾಸದಿಂದ ಜೀವಕೋಶಗಳ ಪೊಟ್ಯಾಶಿಯಂ ರಕ್ತಕ್ಕೆ ಬಂದು, ಏನೂ ತಿನ್ನದಿದ್ದರೂ ಅದರ ಮಟ್ಟ ಏರಬಹುದು. ರೋಗಿಯು ಮನೆಯ ಹೆಂಗಸಾಗಿದ್ದರೆ ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವ ರೂಢಿಯೂ ಸೇರಿಕೊಂಡು ತಳದಲ್ಲಿ ಉಳಿದ ತಿಳಿಯೇ ಅವಳ ಪಾಲಾಗುತ್ತದೆ.

5. ಬಸ್ಸಾರಿನ ದೃಷ್ಟಾಂತ

ಪರಂಪರೆಯ ಅಡುಗೆಯಲ್ಲಿಯೇ ಪರಿಹಾರದ ದಾರಿಗಳಿವೆ ಎಂಬುದಕ್ಕೆ ಹಳೆಯ ಮೈಸೂರು ಸೀಮೆಯ ಬಸ್ಸಾರು ಉತ್ತಮ ನಿದರ್ಶನ. ಸೊಪ್ಪು–ಬೇಳೆ ಅಥವಾ ಕಾಳುಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದು, ಬಸಿದ ಕಟ್ಟಿನಿಂದ ಸಾರನ್ನೂ ಉಳಿದ ಗಟ್ಟಿಯಿಂದ ಪಲ್ಯವನ್ನೂ ಮಾಡುತ್ತಾರೆ. ಮನೆಯಲ್ಲಿ ರೋಗಿಯಿದ್ದರೆ ‘ಹಗುರ’ವೆಂದು ತಿಳಿಸಾರು ಅವನಿಗೆ, ‘ಜಡ’ವಾದ ಪಲ್ಯ ಉಳಿದವರಿಗೆ. ಕಟ್ಟಿನಲ್ಲಿಯೇ ಸತ್ವವೆಲ್ಲ ಇಳಿದಿರುತ್ತದೆಂಬ ನಂಬಿಕೆಯೂ ಇದಕ್ಕೆ ಬೆಂಬಲ.

ಪೊಟ್ಯಾಶಿಯಂ ನೀರಿನಲ್ಲಿ ಸುಲಭವಾಗಿ ಕರಗುವ ಲವಣ. ಬೇಯಿಸಿದಾಗ ಅದು ಸೊಪ್ಪು–ಕಾಳುಗಳಿಂದ ಕಟ್ಟಿಗೆ ಇಳಿಯುತ್ತದೆ. ಪ್ರೋಟೀನಿನ ಬಹುಭಾಗ ಕಾಳಿನಲ್ಲಿಯೇ ಉಳಿಯುತ್ತದೆ. ಎಂದರೆ ರೋಗಿಯ ಪಾಲಿಗೆ ಬಂದ ಬಟ್ಟಲಿನಲ್ಲಿ ಅವನಿಗೆ ಅಪಾಯಕಾರಿಯಾದದ್ದು ಇದೆ. ಅವನಿಗೆ ಬೇಕಾದದ್ದು ಮನೆಯವರ ತಟ್ಟೆಯಲ್ಲಿದೆ. ಆಸ್ಪತ್ರೆಯ ಪೋಷಣಾ ತಜ್ಞರು ತರಕಾರಿಯನ್ನು ಹೆಚ್ಚಿ, ನೀರಿನಲ್ಲಿ ನೆನೆಸಿ, ಬೇಯಿಸಿ, ನೀರನ್ನು ಚೆಲ್ಲಿ ಬಳಸುವಂತೆ ಹೇಳುವುದು ಈ ಬಸಿಯುವ ಕ್ರಿಯೆಯನ್ನೇ. ಬಸ್ಸಾರು ಮಾಡುವ ಮನೆಗೆ ಹೊಸ ವಿಧಾನವನ್ನು ಕಲಿಸುವ ಅಗತ್ಯವಿಲ್ಲ. ಬಟ್ಟಲುಗಳನ್ನು ಅದಲುಬದಲು ಮಾಡಿದರೆ ಸಾಕು: ಸಾರು ಮನೆಯವರಿಗೆ, ಪಲ್ಯ ರೋಗಿಗೆ. ಉತ್ತರ ಕರ್ನಾಟಕದಲ್ಲಿ ಹೋಳಿಗೆಯ ಬೇಳೆ ಬಸಿದು ಮಾಡುವ ಕಟ್ಟಿನ ಸಾರಿಗೂ, ಹುರುಳಿಕಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ.

‘ಬಸಿಯುವುದು’ ಎಂಬ ಈ ಪದವು ಡಯಾಲಿಸಿಸ್‌ನ ವಿವರಣೆಗೂ ಒದಗಬಲ್ಲದು. ಜನರು ಡಯಾಲಿಸಿಸನ್ನು ‘ರಕ್ತ ತೊಳೆಯುವುದು’, ‘ರಕ್ತಶುದ್ಧಿ’ ಎಂದು ಕರೆಯುತ್ತಾರೆ. ಈ ಹೆಸರುಗಳಲ್ಲಿ ಕೊಳೆ ಹೋಗುತ್ತದೆಂಬ ಭಾವವಿದೆಯೇ ಹೊರತು ಒಳ್ಳೆಯದೂ ಹೋಗುತ್ತದೆಂಬ ಸೂಚನೆಯಿಲ್ಲ. ಅನ್ನ ಬಸಿದಾಗ ನೀರಿನೊಡನೆ ಸತ್ವವೂ ಹೋಗುವುದನ್ನು ಪ್ರತಿಯೊಬ್ಬ ಗೃಹಿಣಿಯೂ ಬಲ್ಲಳು. ಅದಕ್ಕಾಗಿಯೇ ಗಂಜಿಯನ್ನು ಚೆಲ್ಲದೆ ಇಡುತ್ತಾಳೆ. ಯಂತ್ರವು ರಕ್ತವನ್ನು ಬಸಿಯುತ್ತದೆ, ಬಸಿದಾಗ ಸತ್ವವೂ ಹೋಗುತ್ತದೆ, ಹೋದದ್ದನ್ನು ಊಟದಿಂದ ತುಂಬಬೇಕು ಎಂದರೆ ಆಕೆಗೆ ಬೇರೆ ವಿವರಣೆ ಬೇಡ.

6. ಕೂಡಿಸುವ ಪಥ್ಯದ ಕಡೆಗೆ

ಆಹಾರದ ಆಯ್ಕೆಗೆ ಒಂದು ಒಳತರ್ಕವಿರುತ್ತದೆ, ಅದನ್ನು ಅರಿಯದೆ ನೀಡುವ ಸಲಹೆ ನಾಟುವುದಿಲ್ಲ ಎಂಬುದನ್ನು ವೈದ್ಯಕೀಯ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ ಅವರು 1970ರ ದಶಕದಿಂದ ದಕ್ಷಿಣ ಕನ್ನಡದಲ್ಲಿ ನಡೆಸಿದ ಅಧ್ಯಯನಗಳು ತೋರಿಸಿವೆ. ಗರ್ಭಿಣಿಯರಲ್ಲಿ ಹಲವರು ಕಡಿಮೆ ಉಣ್ಣುವುದರ ಹಿಂದೆ, ಹೊಟ್ಟೆಯಲ್ಲಿ ಕೂಸಿಗೂ ಅನ್ನಕ್ಕೂ ಜಾಗ ಸಾಲದೆಂಬ ದೇಹಕಲ್ಪನೆಯಿರುವುದನ್ನು 1983ರ ಅವರ ಲೇಖನ ವಿವರಿಸುತ್ತದೆ. ಡಯಾಲಿಸಿಸ್ ರೋಗಿಯ ವಿಷಯದಲ್ಲಿಯೂ ಇಂತಹ ವಿಧಾನ ಅಗತ್ಯ. ‘ಪಥ್ಯ ಬೇಡ, ಚೆನ್ನಾಗಿ ತಿನ್ನಿ’ ಎಂಬ ಸಲಹೆಯನ್ನು ಮನೆ ಒಪ್ಪುವುದಿಲ್ಲ. ಪಥ್ಯವಿಲ್ಲದ ಚಿಕಿತ್ಸೆಯನ್ನು ಜನಪದ ಮನಸ್ಸು ನಂಬುವುದಿಲ್ಲ. ಆದರೆ ‘ಇದು ಜ್ವರದ ಪಥ್ಯವಲ್ಲ, ಬಾಣಂತನದ ಪಥ್ಯ’ ಎಂದರೆ ಅದು ಪರಿಚಿತವಾದ ಮಾತು. ರೋಗಿಯನ್ನು ಜ್ವರದವನ ವರ್ಗದಿಂದ ಬಾಣಂತಿಯ ವರ್ಗಕ್ಕೆ ಸರಿಸುವುದೇ ಇಲ್ಲಿ ಆಗಬೇಕಾದ ಮುಖ್ಯ ಕೆಲಸ.

ಬಾಣಂತಿಯ ಪದಾರ್ಥಗಳನ್ನು ಹಾಗೆಯೇ ರೋಗಿಗೆ ಕೊಡಬೇಕೆಂದು ಇದರ ಅರ್ಥವಲ್ಲ. ಕೊಬ್ಬರಿ, ಬಾದಾಮಿ, ಖರ್ಜೂರಗಳಲ್ಲಿ ಪೊಟ್ಯಾಶಿಯಂ ಹೆಚ್ಚು. ಕರಾವಳಿ–ಮಲೆನಾಡಿನ ಧಾರೆಹುಳಿಯಂತೂ ಮೂತ್ರಪಿಂಡ ಸೋತವರ ಮೆದುಳಿಗೆ ವಿಷವಾಗಿ ಪರಿಣಮಿಸುವುದು ದೃಢಪಟ್ಟಿದೆ. ತೆಗೆದುಕೊಳ್ಳಬೇಕಾದದ್ದು ಬಾಣಂತನದ ಧೋರಣೆಯನ್ನು: ಊಟವೇ ಮದ್ದು, ಅದನ್ನು ಅಳೆದು ಉಣಿಸಬೇಕು, ಉಣ್ಣದಿದ್ದರೆ ಕೇಳುವವರಿರಬೇಕು. 300 ಗ್ರಾಂ ಧಾನ್ಯದಿಂದ ಸುಮಾರು 21, 60 ಗ್ರಾಂ ತೊಗರಿಬೇಳೆಯಿಂದ 13, 150 ಗ್ರಾಂ ಮೊಸರಿನಿಂದ 5, ಮೂರು ಮೊಟ್ಟೆಗಳ ಬಿಳಿಯಿಂದ 10 ಗ್ರಾಂ ಪ್ರೋಟೀನು ದೊರೆತರೆ 50 ಕಿಲೋ ತೂಕದವನ ಕನಿಷ್ಠ ಅಗತ್ಯ ಪೂರೈಸಿದಂತೆ. ಇವೆಲ್ಲ ಸಾಮಾನ್ಯ ಅಡುಗೆಮನೆಯ ಪದಾರ್ಥಗಳೇ. ಮೊಟ್ಟೆಯ ಬಿಳಿಯಲ್ಲಿ ರಂಜಕ ಅತ್ಯಲ್ಪ. ಕಾಳುಗಳ ರಂಜಕವೂ ಪೂರ್ತಿಯಾಗಿ ದೇಹಕ್ಕೆ ಹೀರಿಕೆಯಾಗುವುದಿಲ್ಲ. ರಾಗಿಯಲ್ಲಿ ಅಕ್ಕಿಗಿಂತ ಪೊಟ್ಯಾಶಿಯಂ ಹೆಚ್ಚಿರುವುದರಿಂದ ಮುದ್ದೆಯ ಪ್ರಮಾಣವನ್ನು ರಕ್ತಪರೀಕ್ಷೆಗೆ ಅನುಗುಣವಾಗಿ ನಿಶ್ಚಯಿಸಬೇಕಾಗುತ್ತದೆ. ಮಧುಮೇಹ, ಉಳಿದ ಮೂತ್ರದ ಪ್ರಮಾಣ ಮುಂತಾದವುಗಳನ್ನು ನೋಡಿ ಪ್ರತಿ ರೋಗಿಯ ಅಳತೆಯನ್ನು ವೈದ್ಯರೇ ನಿರ್ಧರಿಸಬೇಕು.

ಹಸಿವು ಸತ್ತ ರೋಗಿಗೆ ‘ಬಯಕೆ’ಯ ಪರಿಕಲ್ಪನೆ ಒದಗುತ್ತದೆ. ಬಸುರಿಗೆ ಏನು ಬೇಕೆಂದು ಕೇಳಿ, ಬಂಧುಗಳು ಬುತ್ತಿ ಕಟ್ಟಿ ತರುವ ಪದ್ಧತಿ ನಾಡಿನಾದ್ಯಂತ ಇದೆ. ರೋಗಿಯನ್ನು ನೋಡಲು ಬರುವವರು ಎಳನೀರು, ಮೂಸಂಬಿ ತರುವ ಬದಲು ಇಂತಹ ಬುತ್ತಿ ತರಬಹುದು. ಡಯಾಲಿಸಿಸ್ ದಿನ ರೋಗಿ ಮುಂಜಾನೆ ಮನೆ ಬಿಟ್ಟು, ನಾಲ್ಕು ಗಂಟೆ ಯಂತ್ರದ ಮುಂದೆ ಮಲಗಿ, ಸಂಜೆಗೆ ಊರು ಸೇರುವಾಗ ಒಂದೆರಡು ಊಟಗಳೇ ತಪ್ಪಿರುತ್ತವೆ. ರಕ್ತದೊತ್ತಡ ಸ್ಥಿರವಾಗಿರುವವರು ಡಯಾಲಿಸಿಸ್ ನಡೆಯುವಾಗಲೇ ಉಣ್ಣಬಹುದೆಂಬ ನಿಲುವನ್ನು ಈ ಕ್ಷೇತ್ರದ ಅಂತರರಾಷ್ಟ್ರೀಯ ತಜ್ಞರು 2018ರಲ್ಲಿ ಪ್ರಕಟಿಸಿದ್ದಾರೆ. ಪ್ರಯಾಣಕ್ಕೆ ಬುತ್ತಿ ಕಟ್ಟುವ ನಮ್ಮ ಪದ್ಧತಿಗೆ ಇದು ಹೊಂದುವಂತಹುದೇ.

ಕ್ಷಯವನ್ನು ಗುರುತಿಸುವಲ್ಲಿಯೂ ಮನೆಯ ಅರಿವು ನೆರವಾಗಬಲ್ಲದು. ನೀರು ತುಂಬಿದ ದೇಹ ತೂಕದಲ್ಲಿ ಇಳಿಯುವುದಿಲ್ಲ. ‘ಮೈ ತುಂಬಿಕೊಂಡಿದ್ದಾನೆ’ ಎಂಬ ಭ್ರಮೆ ಹುಟ್ಟುತ್ತದೆ. ಆದರೆ ಬಳೆ ಮೊಳಕೈಯತ್ತ ಜಾರುವುದು, ರವಿಕೆಯ ತೋಳು ಸಡಿಲವಾಗುವುದು, ಕಪೋಲ ಗುಳಿಬೀಳುವುದು, ಬಟ್ಟೆ ಹಿಂಡಲು ಕೈಯಲ್ಲಿ ಕಸುವಿಲ್ಲದಿರುವುದು ಇವು ಮನೆಯವರ ಕಣ್ಣಿಗೆ ಬೀಳುತ್ತವೆ. ವೈದ್ಯರು ತೋಳಿನ ಸುತ್ತಳತೆ, ಕೈಹಿಡಿತದ ಬಲ ಎಂದು ಅಳೆಯುವುದು ಇದನ್ನೇ.

ಉಪಸಂಹಾರ

ಬಡತನ, ವಿರಳವಾದ ಡಯಾಲಿಸಿಸ್, ತಡವಾದ ಚಿಕಿತ್ಸೆಗಳಿಂದ ಉಂಟಾಗುವ ಕೃಶತೆಯನ್ನು ಕೇವಲ ಪಥ್ಯದ ತಿದ್ದುಪಡಿಯಿಂದ ನೀಗಿಸಲಾಗದು. ವಾರಕ್ಕೆ ಮೂರು ಸಲ ಆಗಬೇಕಾದ ಡಯಾಲಿಸಿಸ್ ಎರಡೇ ಸಲ ಆಗುವಲ್ಲಿ ಕಲ್ಮಶಗಳು ಉಳಿದು ಹಸಿವೇ ಹುಟ್ಟುವುದಿಲ್ಲ. ಯಂತ್ರಕ್ಕೆ ಹಣ ಕೊಡುವ ಯೋಜನೆಗಳು ಮೊಟ್ಟೆ, ಬೇಳೆಗೂ ಹಣ ಕೊಡಬೇಕಾದದ್ದು ನ್ಯಾಯ. ಆದರೆ ಇರುವ ಬೇಳೆಯೂ ರೋಗಿಯ ತಟ್ಟೆಗೆ ಬಾರದಂತೆ ತಡೆಯುವುದು ಪ್ರೀತಿಯಿಂದ, ಎಚ್ಚರದಿಂದ ಪಾಲಿಸುವ ಪಥ್ಯವೇ ಆಗಿರುವಲ್ಲಿ ಜಾನಪದ ಅಧ್ಯಯನಕ್ಕೆ ಒಂದು ಹೊಣೆಯಿದೆ. ಉಷ್ಣ, ನಂಜು, ವಾಯು ಎಂಬ ಗುಣಗಳ ಪ್ರಾದೇಶಿಕ ಪಟ್ಟಿಗಳನ್ನು ಜಿಲ್ಲಾವಾರು ದಾಖಲಿಸಿ, ಅವುಗಳಲ್ಲಿ ರೋಗಿಗೆ ಬೇಕಾದ ಯಾವ ಪದಾರ್ಥ ಯಾವ ಕಾರಣದಿಂದ ವರ್ಜ್ಯವಾಗಿದೆ ಎಂಬುದನ್ನು ವೈದ್ಯರ ಮುಂದಿಡಬೇಕು. ಕೂಡಿಸುವ ಪಥ್ಯಗಳ ಪದಕೋಶವೊಂದು ಸಿದ್ಧವಾಗಬೇಕು. ಜನಪದ ವೈದ್ಯದ ಸಂಗ್ರಹಗಳು ಈವರೆಗೆ ಮದ್ದಿನ ಗಿಡಮೂಲಿಕೆಗಳಿಗೆ ಕೊಟ್ಟ ಗಮನವನ್ನು ಪಥ್ಯಕ್ಕೆ ಕೊಟ್ಟಿಲ್ಲ. ಆ ಕೊರತೆಯನ್ನು ತುಂಬುವ ಕೆಲಸವು ಕೇವಲ ದಾಖಲೀಕರಣವಾಗಿ ಉಳಿಯದೆ, ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಕೊಠಡಿಯಲ್ಲಿ ನೇರವಾಗಿ ಬಳಕೆಗೆ ಬರಬಲ್ಲುದು.